ಎರಡನೆಯ ಸೊಲ್ಲು

ಬಸ್ಸಿಗೆ ಸಾವಿರದ ಎಂಟುನೂರು ಸೆಡಿ, ಡೀಸೆಲ್ ಅದರಲ್ಲೇ. ಮೂವತ್ತೊಂದು ಜನರ ಹಣೆಗೆ ಕಟ್ಟುವ ಶೋಕದ ಕೆಂಪು ಪಟ್ಟಿಗೆ ತಲಾ ಎಂಟು. ನೀರಿನ ಪೊಟ್ಟಣದ ಚೀಲ ನಾಲ್ಕಕ್ಕೆ ನಲವತ್ತು. ದೊಡ್ಡ ಡೋಲಿನ ಚರ್ಮ ಹರಿದಿತ್ತು, ಹೊಸದು ಹೊದಿಸಲು ಇನ್ನೂರು. ಸಾವಿನ ಮನೆಯಲ್ಲಿ ಕೊಡಲು ಎರಡು ಸಾವಿರ. ಅದನ್ನು ಮೈಕಿನಲ್ಲಿ ಕೂಗಿ ಹೇಳುತ್ತಾರಾದ್ದರಿಂದ ಅದಕ್ಕಿಂತ ಕಡಿಮೆ ಕೊಟ್ಟರೆ ಇಡೀ ಸೆಕೊಂಡಿ ಊರಿನ ಮಾನ ಹೋಗುತ್ತಿತ್ತು. ಫುಟ್‌ಬಾಲ್ ಅಭಿಮಾನಿ ಸಂಘದ ಚೇರ್ಮನ್ ಬೊತ್ವೆ ಇಷ್ಟನ್ನೂ ಓದಿ, ಕನ್ನಡಕ ತೆಗೆದು, "ಹಾಡು ನಮ್ಮ ಕ್ವಮೆನಾಂದು, ಅದಕ್ಕೆ ಖರ್ಚಿಲ್ಲ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಕ್ವಮೆನಾ ಕೂಡ ನಕ್ಕಿದ್ದ. ಆ ನಗು ಮೂರು ದಿನ ಕಳೆದರೂ ಗಂಟಲಲ್ಲಿ ಸಣ್ಣ ಮೀನಿನ ಮುಳ್ಳಿನ ಹಾಗೆ ನಿಂತಿತ್ತು.

ಶನಿವಾರ ಬೆಳಗ್ಗೆ ಬಸ್ಸು ಸಾವಿನ ಮನೆಯಿದ್ದ ತಾರ್ಕ್ವಾದ ದಾರಿ ಹಿಡಿದಾಗ ಅವನು ಡ್ರೈವರನ ಬೆನ್ನ ಹಿಂದಿನ ಸೀಟಿನಲ್ಲಿ ಕೂತು ಎಡಗೈಯ ಉಗುರಿನಿಂದ ಬಲಗೈಯ ಉಗುರಿನ ಗ್ರೀಸು ಕೆರೆಯುತ್ತಿದ್ದ. ಕೋಚ್ ಅತಿಂಗಾ ತೀರಿಹೋಗಿ ಅಂದಿಗೆ ಒಂದು ವಾರ. ವಾರದ ದಿನ ಮನೆಯವರು ಶಾಮಿಯಾನ ಹಾಕಿ ಕೂರುತ್ತಾರೆ, ಬಂದವರ ಕೈ ಹಿಡಿಯುತ್ತಾರೆ, ಮಣ್ಣು ಮಾಡುವ ದಿನ ಗೊತ್ತುಮಾಡುತ್ತಾರೆ. ಅಲ್ಲಿಯತನಕ ದೇಹ ಆಸ್ಪತ್ರೆಯ ತಣ್ಣನೆಯ ಪೆಟ್ಟಿಗೆಯಲ್ಲಿರುತ್ತದೆ. ಬೊತ್ವೆಯ ಆಸೆ ಒಂದೇ: ಮಣ್ಣಿಗೆ ಹೋಗುವ ಮುಂಚೆ ಅತಿಂಗಾ ಅವರನ್ನು ಸೆಕೊಂಡಿಗೆ ತಂದು, ಆಂಕರ್ಸ್ ಕ್ಲಬ್ಬಿನ ಬಾವುಟ ಹೊದಿಸಿ, ಮೈದಾನಕ್ಕೆ ಒಂದು ಸುತ್ತು ಹೊತ್ತು ತಿರುಗಬೇಕು. ಮೂರು ವರ್ಷ ತಂಡ ನಡೆಸಿ ಒಂದು ಕಪ್ ಗೆದ್ದುಕೊಟ್ಟ ಮನುಷ್ಯ. ಹೂಂ ಅನ್ನಬೇಕಾದವರು ಅವರ ಹೆಂಡತಿ ಅಸಿಬಿ ಮತ್ತು ಮನೆಯ ಹಿರಿಯರು. ಕೇಳಿಕೊಂಡ ಮೇಲೆ ಅಭಿಮಾನಿಗಳ ಕಡೆಯಿಂದ ಒಂದು ಹಾಡು. ಹಾಡಿಗೆ ಕರಗದ ಮನೆ ಇಲ್ಲ ಎಂದು ಬೊತ್ವೆಯ ಎಣಿಕೆ. ಇಪ್ಪತ್ತೆರಡು ವರ್ಷದಿಂದ ಮೈದಾನದ ಪೂರ್ವದ ಕಟ್ಟೆ ಮೇಲೆ ನಿಂತು ಹಾಡು ಎತ್ತಿಕೊಡುವವನು ಕ್ವಮೆನಾ. ಮಿಕ್ಕ ದಿನಗಳಲ್ಲಿ ಬಂದರಿನ ಶೆಡ್ಡಿನಲ್ಲಿ ದೋಣಿಗಳ ಮೋಟಾರು ರಿಪೇರಿ ಮಾಡುತ್ತಾನೆ. ರಾತ್ರಿಯೇ ತೀರ್ಮಾನ ಮಾಡಿಕೊಂಡಿದ್ದ, ಆ ಹಾಡು ಬೇಡ, ಇಗರ್ಜಿಯ ಹಾಡೊಂದನ್ನು ಎತ್ತಿಕೊಡುವುದು, ಯಾರಿಗೂ ನೋವಾಗದ್ದು.

ಹಿಂದಿನ ಸೀಟಿನಲ್ಲಿ ಡೋಲು ಬಾರಿಸುವ ಎಬೊ ಎಲ್ಲರಿಗೂ ಫೋನು ತೋರಿಸುತ್ತಿದ್ದ. ಯುರೋಪಿನ ಯಾವುದೋ ಮೈದಾನ, ಹಿಂದಿನ ಭಾನುವಾರದ್ದು. ನಮ್ಮ ಕಡೆಯ ಹುಡುಗನೊಬ್ಬ ಅಂಗಿ ಎತ್ತಿ ಮುಖ ಮುಚ್ಚಿಕೊಂಡು ಹೊರಗೆ ನಡೆಯುತ್ತಿದ್ದಾನೆ.

"ನೋಡಿ ಆಂಟಿ, ಕೋತಿ ಥರ ಕೂಗ್ತಿದಾರೆ. ಒಬ್ರಲ್ಲ ಇಬ್ರಲ್ಲ, ಇಡೀ ಸ್ಟ್ಯಾಂಡು."

ಮೀನು ಹೊಗೆಗಿಟ್ಟು ಮಾರುವ ಆಂಟಿ ಅರಾಬಾ ಫೋನನ್ನು ಮೂಗಿನ ಹತ್ತಿರ ಹಿಡಿದಳು. "ಅಯ್ಯೋ ನನ್ನಪ್ಪ. ಅಳ್ತಿದಾನಲ್ಲೋ. ಅವನ ತಾಯಿ ಟೀವಿ ಮುಂದೆ ಕೂತಿರ್ತಾಳೆ."

"ಅಳಬಾರ್ದಿತ್ತು. ಒಂದು ಗೋಲು ಹೊಡೆದು ಅವರ ಮುಂದೆ ಹೋಗಿ ಕುಣೀಬೇಕಿತ್ತು."

"ಹೋಗು, ನೀನೇ ಹೊಡಿ. ಆ ಹೊಟ್ಟೆ ಇಟ್ಕೊಂಡು ಗೋಲು ಕಂಬದ ಮಧ್ಯೆ ನೀನೇ ತೂರಲ್ಲ, ಚೆಂಡೆಲ್ಲಿ ತೂರಿಸ್ತೀಯ!"

ಬಸ್ಸೆಲ್ಲ ನಕ್ಕಿತು. ಬೊತ್ವೆ ಎದ್ದುನಿಂತು ಕಂಬಿ ಹಿಡಿದುಕೊಂಡ. ನಿಂತರೆ ಅವನಿಗೆ ಭಾಷಣ ಬರುತ್ತದೆ. "ನಗೋ ವಿಷಯ ಅಲ್ರಪ್ಪ. ನಮ್ಮ ಚಿನ್ನ ತಗೊಂಡ್ರು, ಕೋಕೋ ತಗೊಂಡ್ರು, ಹುಡುಗ್ರನ್ನೂ ತಗೊಂಡ್ರು. ದುಡ್ಡು ಕೊಟ್ಟು ತಗೊಂಡ ಮಾಲಿಗೆ ಯಾರಾದ್ರೂ ಬೈತಾರಾ? ಬೈತಾರೆ, ಯಾಕೆ, ಬಣ್ಣ ಕಪ್ಪು. ಕೋಚ್ ಬೆಲ್ಜಿಯಮ್ಮಲ್ಲಿ ಹನ್ನೊಂದು ವರ್ಷ ಆಡಿದ್ರಲ್ಲ, ಅನುಭವಿಸಿದ್ದು ಒಂದೇ ಎರಡೇ? ಮೈ ಮೇಲೆ ಬಾಳೆಹಣ್ಣು ಬೀಳ್ತಿತ್ತಂತೆ."

"ಅದನ್ನ ಅವರು ಹೇಳೋ ಚೆಂದ ಕೇಳ್ಬೇಕಿತ್ತು," ಅಂದಳು ಅರಾಬಾ. "'ಅಲ್ಲಿ ಬಾಳೆಹಣ್ಣು ಏನು ರೇಟು ಗೊತ್ತಾ ತಾಯಿ? ಇಷ್ಟು ದುಡ್ಡು ಖರ್ಚು ಮಾಡಿ ನನ್ನ ಬೈತಾರಲ್ಲ, ಪಾಪ' ಅಂತಿದ್ರು."

"ನಗ್ತಾ ಹೇಳಿದ್ರು, ಒಳಗೆ ಹೃದಯ ಕೊಳೀತಿತ್ತು. ಅವರು ಸತ್ತಾಗ ರೇಡಿಯೋದವ್ರೂ ಅದನ್ನೇ ಹೇಳಿದ್ರಲ್ಲ? ಬಿಳಿಯರ ಬಾಯಿ ಅತಿಂಗಾನ ತಿಂತು, ಮೂವತ್ತು ವರ್ಷ ತಡವಾಗಿ. ಅಲ್ವೇನೋ ಕ್ವಮೆನಾ?"

"ಹೂಂ ಚೇರ್ಮನ್," ಅಂದ ಕ್ವಮೆನಾ. ಹೇಳಿದ ಕೂಡಲೇ ಎದೆ ಹಗುರಾದ ಹಾಗಾಯಿತು, ಹಗುರಾದದ್ದಕ್ಕೆ ನಾಚಿಕೆಯಾಯಿತು. ಬಿಳಿಯರ ಬಾಯಿ ಅವನಿಗೂ ಗೊತ್ತಿತ್ತು. ಇಪ್ಪತ್ತರ ಹರೆಯದಲ್ಲಿ ಪರದೇಶದ ಮೀನು ಹಡಗಿನಲ್ಲಿ ಒಂದೂವರೆ ವರ್ಷ ಇಂಜಿನ್ನಿನ ಕೆಲಸ ಮಾಡಿದ್ದ. ಅಡಿಗೆಯವನು ಕಪ್ಪು ಜನರ ಲೋಟಗಳ ಹಿಡಿಗೆ ಕೆಂಪು ಬಣ್ಣ ಹಚ್ಚಿಟ್ಟಿದ್ದ. ಯಾರೂ ಬೈದಿರಲಿಲ್ಲ, ಹೊಡೆದಿರಲಿಲ್ಲ. ಬೆಳಗಾದರೆ ಆ ಕೆಂಪು ಹಿಡಿ. ಒಂದು ದಿನ ಗೊತ್ತಿಲ್ಲದೆ ಬಣ್ಣವಿಲ್ಲದ ಲೋಟದಲ್ಲಿ ಕಾಫಿ ಕುಡಿದದ್ದಕ್ಕೆ ಅಡಿಗೆಯವನು ಅದನ್ನು ಅವನ ಕೈಯಿಂದ ಮೆಲ್ಲಗೆ, ಮರ್ಯಾದೆಯಿಂದಲೇ ತೆಗೆದುಕೊಂಡು ಸಮುದ್ರಕ್ಕೆ ಎಸೆದಿದ್ದ. ಊರಿಗೆ ಬಂದ ಮೇಲೆ ಹೆಂಡತಿಗೂ ಹೇಳಿಕೊಳ್ಳದ ವಿಷಯ ಅದು. ಹಾಗಿರುವಾಗ, ಲೋಟ ಎಸೆದದ್ದು ಗೊತ್ತಿದ್ದ ಬಾಯಲ್ಲಿ ಆ ಹಾಡು ಹೇಗೆ ಬಂತು? ಬಂದದ್ದು ಬಹಳ ಸುಲಭವಾಗಿ ಬಂತು, ಅದೇ ಅವನನ್ನು ಕೂತಲ್ಲಿ ಕೂರಲು ಬಿಡುತ್ತಿರಲಿಲ್ಲ.

ಕಪ್ ಗೆದ್ದ ವರ್ಷ ಅವನೇ ಕಟ್ಟಿದ ಹಾಡು. ಅವನು ಕೂಗಬೇಕು, "ಯಾರಿದು ಬರ್ತಿರೋದು?" ಕಟ್ಟೆ ತುಂಬ ಜನ ಸೊಲ್ಲು ಹೇಳಬೇಕು, "ಅತಿಂಗಾ, ನಮ್ಮಪ್ಪ ಅತಿಂಗಾ!" ಎರಡು ವರ್ಷ ಹಾಗೇ ನಡೆಯಿತು. ಮೂರನೆಯ ವರ್ಷ ತಂಡ ಒಂದೇ ಸಮನೆ ಸೋಲಲು ಹತ್ತಿತು. ಆರನೆಯ ಸೋಲಿನ ದಿನ, ಮೂರು ಗೋಲು ಹಿಂದೆ ಬಿದ್ದಿದ್ದಾಗ, ಅವನು ಕೂಗಿದ್ದು ಅದೇ ಮಾತು. ಆದರೆ ಮುಷ್ಟಿ ಮೇಲೆತ್ತಿ, ಜನ ಬಾಯಿ ತೆರೆಯುವ ಮುಂಚೆ ತಾನೇ ಬೇರೆ ಸೊಲ್ಲು ಹೇಳಿಕೊಟ್ಟ. "ವಾಚ್‌ಮನ್! ನಾಯಿ ತಿನ್ನೋ ವಾಚ್‌ಮನ್!" ಅತಿಂಗಾ ಅವರ ಅಪ್ಪ ಗಣಿ ಕೆಲಸಕ್ಕೆಂದು ಉತ್ತರದ ಒಣ ಸೀಮೆಯಿಂದ ಇಳಿದು ಬಂದವರು. ಆ ಕಡೆಯವರೆಂದರೆ ಕರಾವಳಿಯವರಿಗೆ ಗೇಟಿನ ಹತ್ತಿರ ಮುಕ್ಕಾಲಿ ಹಾಕಿಕೊಂಡು ಕೂರುವವರು, ನಾಯಿ ಸುಟ್ಟು ತಿನ್ನುವವರು. ಇದನ್ನು ಯಾರೂ ಯಾರಿಗೂ ಕಲಿಸಬೇಕಿರಲಿಲ್ಲ. ಅವನ ಬಾಯಿಂದ ಬಿದ್ದದ್ದು ಮರುಗಳಿಗೆಯಲ್ಲಿ ನಾಲ್ಕು ಸಾವಿರ ಬಾಯಿಗಳಿಂದ ಎದ್ದು ಬಂದು ಅವನ ಬೆನ್ನಿಗೆ ಬಡಿಯಿತು. ಅಷ್ಟು ಸುಖವನ್ನು ಅವನು ಮುಂಚೆ ಕಂಡಿರಲಿಲ್ಲ. ಅಂದಿನಿಂದ ಅದೇ ರೂಢಿಯಾಯಿತು: ಮುಷ್ಟಿ ಕೆಳಗಿದ್ದರೆ ಮೊದಲನೆಯ ಸೊಲ್ಲು, ಮುಷ್ಟಿ ಎತ್ತಿದರೆ ಎರಡನೆಯದು. ಋತು ಮುಗಿಯುವಷ್ಟರಲ್ಲಿ ಮುಷ್ಟಿ ಕೆಳಗಿಳಿಯುವುದೇ ನಿಂತುಹೋಗಿತ್ತು. ಮೊದಲ ದಿನ ಅತಿಂಗಾ ಗೆರೆಯಂಚಿನಲ್ಲಿ ನಿಂತವರು ತಿರುಗಿ ಕಟ್ಟೆಯ ಕಡೆ ನೋಡಿದ್ದರು. ಸಿಟ್ಟಿನಿಂದಲ್ಲ. ತರಬೇತಿಗೆ ಯಾರು ಬಂದಿಲ್ಲ ಎಂದು ತಲೆ ಎಣಿಸುವಾಗ ನೋಡುತ್ತಿದ್ದರಲ್ಲ, ಹಾಗೆ.

"ನಮ್ ಹಾಡು ಬೇರೆ ವಿಷ್ಯ," ಎಬೊ ಯಾರಿಗೋ ಹೇಳುತ್ತಿದ್ದ. ಯಾರೋ ಕೇಳಿರಬೇಕು. "ಅದು ಆಟದ ತಮಾಷೆ. ಮೈಬಣ್ಣ ಒಂದೇ ಆದ್ಮೇಲೆ ಎಲ್ಲಿಯ ವರ್ಣಭೇದ? ಗೆದ್ದಾಗ ಹೊತ್ಕೊಂಡು ಕುಣಿದೋರೂ ನಾವೇ ತಾನೆ?"

"ಅದನ್ನೀಗ ಯಾಕೆ ತೆಗೀತೀಯ," ಎಂದ ಬೊತ್ವೆ.

ಆಗ ಡ್ರೈವರ್ ಮೊದಲ ಸಲ ಬಾಯಿ ತೆರೆದ. ಕೆನ್ನೆಯ ಮೇಲೆ ಮೂರು ಮೂರು ಸಣ್ಣ ಗೆರೆ ಕುಯ್ದ ಗುರುತಿದ್ದ, ಉತ್ತರದ ಕಡೆಯ ಮನುಷ್ಯ. ದಾರಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. "ನನಗೂ ಬಾಯಿಪಾಠ ಸಾರ್ ಅದು. ಒಳ್ಳೆ ಹಾಡು. ನನ್ನ ಮಗಳು ಸ್ಕೂಲಿಂದ ಕಲಿತ್ಕೊಂಡ್ ಬಂದ್ಲು. ಅವಳನ್ನ ಮಧ್ಯೆ ನಿಲ್ಸಿ ಸುತ್ತ ಹಾಡಿದ್ರಂತೆ."

ಅರಾಬಾ ನೀರಿನ ಪೊಟ್ಟಣವೊಂದನ್ನು ಹಲ್ಲಿನಿಂದ ಹರಿದು ಅವನ ಕೈಗೆ ಕೊಟ್ಟಳು. "ಥ್ಯಾಂಕ್ಸ್ ಮಾ," ಎಂದು ಕುಡಿದ. ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತಿತ್ತು. ಕ್ವಮೆನಾ ಕಿಟಕಿಯ ಕಡೆ ತಿರುಗಿದ. ಹಾಡು ಯಾರದೆಂದು ಇವನಿಗೆ ಗೊತ್ತೇ? ಗೊತ್ತಿರಲಾರದು. ಹಾಡಿಗೆ ಮುಖವಿರುವುದಿಲ್ಲ, ಅದೇ ಅದರ ಅನುಕೂಲ. ಆದರೆ ಅತಿಂಗಾ ಅವರಿಗೆ ಗೊತ್ತಿತ್ತು. ಆ ಪಂದ್ಯವಾಗಿ ಹತ್ತು ದಿನಕ್ಕೆ ಅವರು ಕಾರಿನ ಹಿಂದೆ ಒಂದು ಸಣ್ಣ ಜನರೇಟರ್ ಹಾಕಿಕೊಂಡು ಅವನ ಶೆಡ್ಡಿಗೇ ಬಂದಿದ್ದರು. ಬಂದರಿನಲ್ಲಿ ಮೆಕ್ಯಾನಿಕ್ಕುಗಳು ಹನ್ನೆರಡು ಜನ ಇದ್ದರು. ಕಾರ್ಬುರೇಟರು ಕಟ್ಟಿಕೊಂಡಿತ್ತು. ಅವನು ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ ಜೋಡಿಸುವವರೆಗೂ ಅವರು ಎದುರಿಗೆ ತಲೆಕೆಳಗಾದ ಕ್ರೇಟಿನ ಮೇಲೆ ಕೂತಿದ್ದರು. ಅವನ ಕೈಯಿಂದ ಸಣ್ಣ ಸ್ಕ್ರೂ ಎರಡು ಸಲ ಜಾರಿ ಮರಳಿಗೆ ಬಿತ್ತು. ಎರಡು ಸಲವೂ ಅವರೇ ಬಗ್ಗಿ ಹುಡುಕಿ ಕೊಟ್ಟರು. ಹೋಗುವಾಗ, "ನಿನ್ನ ಎರಡನೇ ಸೊಲ್ಲಲ್ಲಿ ಒಂದು ಪೆಟ್ಟು ಜಾಸ್ತಿ ಆಯ್ತು ಕಣಯ್ಯ. ಡೋಲು ಎಡವುತ್ತೆ," ಎಂದರು. ಅಷ್ಟೇ. ಕೂಲಿ ಬೇಡವೆಂದರೂ ಬಿಡದೆ ಕೊಟ್ಟರು. ಅವನು ಆ ದಿನವೇ ಕ್ಷಮೆ ಕೇಳಬಹುದಿತ್ತು, ಬಾಯಿಯ ತುದಿಗೂ ಬಂದಿತ್ತು. ಆದರೆ ಮುಂದಿನ ಭಾನುವಾರ ಮೈದಾನದಲ್ಲಿ ಅವನು ಮಾಡಿದ್ದು ಬೇರೆ: ಆ ಒಂದು ಪೆಟ್ಟನ್ನು ಸರಿಮಾಡಿಕೊಂಡು ಹಾಡಿದ. ಹಾಡು ಇನ್ನೂ ಚೆನ್ನಾಗಿ ಕೂತಿತು. ಎರಡು ತಿಂಗಳಿಗೆ ಅತಿಂಗಾ ಕೆಲಸ ಬಿಟ್ಟರು. ಅದಾಗಿ ನಾಲ್ಕು ತಿಂಗಳಿಗೆ, ಬೆಳಗ್ಗೆ ಶೂ ಕಟ್ಟಿಕೊಳ್ಳುತ್ತಾ ಕುರ್ಚಿಯಿಂದ ಬಿದ್ದರಂತೆ. ರಕ್ತದೊತ್ತಡ ಎಂದರು.

ತಾರ್ಕ್ವಾದಲ್ಲಿ ಗಣಿಯವರ ಹಳೆಯ ಸಾಲುಮನೆಗಳ ಮುಂದೆ ರಸ್ತೆಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ಕೆಂಪು ಪಟ್ಟಿ ಕಟ್ಟಿಕೊಂಡು ಮೂವತ್ತೊಂದು ಜನ ಸಾಲಾಗಿ ನಡೆದು, ಬಲದಿಂದ ಎಡಕ್ಕೆ, ಕೂತಿದ್ದವರೆಲ್ಲರ ಕೈ ಹಿಡಿದರು. ಹನ್ನೊಂದನೆಯದು ಅಸಿಬಿಯ ಕೈ. ಒಣಗಿದ, ಗಟ್ಟಿ ಕೈ. "ದೂರದಿಂದ ಬಂದ್ರಿ," ಅಂದಳು, ಎಲ್ಲರಿಗೂ ಹೇಳುವ ಹಾಗೆ. ಅವಳ ಕಣ್ಣಲ್ಲಿ ತನ್ನ ಗುರುತು ಇದೆಯೇ ಎಂದು ಕ್ವಮೆನಾ ಹುಡುಕಿದ. ಇರಲಿಲ್ಲ. ಇಲ್ಲದ್ದು ಕಂಡು ಮತ್ತೆ ಅದೇ ಹಗುರ, ಅದೇ ನಾಚಿಕೆ.

ಕೂತ ಮೇಲೆ ನೀರು ಕೊಟ್ಟರು. ನೀರು ಕೊಟ್ಟ ಮೇಲೆ ಮನೆಯ ಪರವಾಗಿ ಮಾತಾಡುವ ಮುದುಕ, ಅತಿಂಗಾ ಅವರ ಚಿಕ್ಕಪ್ಪ, ಕೋಲೂರಿ ಎದ್ದು ಪದ್ಧತಿಯ ಮಾತು ಕೇಳಿದ. "ಇಲ್ಲಿ ನಾವು ಕೂತವರು. ನೀವು ನಡೆದು ಬಂದವರು. ಬಂದ ಕಾರಣ ಹೇಳ್ಬೇಕು."

ಬೊತ್ವೆ ಎದ್ದ. ಚೆನ್ನಾಗಿಯೇ ಮಾತಾಡಿದ. ಕಪ್ ಗೆದ್ದದ್ದು ಹೇಳಿದ, ಬೆಲ್ಜಿಯಮ್ಮಿನ ಚಳಿ ಹೇಳಿದ, ಬಾಳೆಹಣ್ಣು ಹೇಳಿದ. "ಅಲ್ಲಿ ಆದ ಗಾಯಕ್ಕೆ ಸೆಕೊಂಡಿಯ ಪ್ರೀತಿ ಮುಲಾಮು ಹಚ್ತಿತ್ತು. ಅವರ ಮನೆ ಅಂದ್ರೆ ನಮ್ಮ ಮೈದಾನ. ಒಂದು ಸಲ, ಒಂದೇ ಒಂದು ಸುತ್ತು, ನಮ್ಮ ಭುಜದ ಮೇಲೆ ಬರ್ಲಿ." ಮುದುಕ ತಲೆಯಾಡಿಸಿದ. ಅಸಿಬಿ ನೆಲ ನೋಡುತ್ತಿದ್ದಳು, ಆದರೆ ಬೇಡವೆನ್ನುವ ಮುಖವಲ್ಲ. ಮೈಕಿನಲ್ಲಿ ಎರಡು ಸಾವಿರ ಸೆಡಿ ಎಂದು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಬೊತ್ವೆ ಕ್ವಮೆನಾನ ಕಡೆ ಹುಬ್ಬು ಹಾರಿಸಿದ.

ಅವನು ಇಗರ್ಜಿಯ ಹಾಡಿಗೆಂದು ಉಸಿರು ಎಳೆದುಕೊಂಡದ್ದು ನಿಜ. ಅಷ್ಟರಲ್ಲಿ ಎಬೊ ಹೊಸ ಚರ್ಮದ ಡೋಲಿಗೆ ಪೆಟ್ಟು ಹಾಕಿಬಿಟ್ಟ, ಅದೇ ಹಾಡಿನ ಪೆಟ್ಟು. ಎಬೊನಿಗೆ ಯಾರೂ ಬೇರೆ ಹೇಳಿರಲಿಲ್ಲ. ಹೇಳಬೇಕಾದವನು ಕ್ವಮೆನಾ, ಹೇಳಿದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಡೋಲು ಮೂರು ಸುತ್ತು ಕಾಯಿತು. ಬಾಯಿ ತೆರೆಯದೆ ವಿಧಿಯಿರಲಿಲ್ಲ. "ಯಾರಿದು ಬರ್ತಿರೋದು?" "ಅತಿಂಗಾ, ನಮ್ಮಪ್ಪ ಅತಿಂಗಾ!" ಮೂವತ್ತು ಗಂಟಲು ಒಂದೇ ಗಂಟಲಾಗಿ ಬಂತು. ಸಾಲುಮನೆಗಳ ಕಿಟಕಿಗಳಲ್ಲಿ ಮುಖ ಕಾಣಿಸಿಕೊಂಡವು. ಎರಡನೆಯ ಸಲ, ಮೂರನೆಯ ಸಲ. ಅಸಿಬಿ ತಲೆ ಎತ್ತಿದಳು. ಪಕ್ಕದ ಹೆಂಗಸು ಅವಳ ಭುಜ ಒತ್ತಿದಳು. ಕ್ವಮೆನಾನ ಕಣ್ಣು ತುಂಬಿತು. ಇದೇ ಸೊಲ್ಲು ಕೊನೆಯ ಸೊಲ್ಲಾಗಿ ಉಳಿದುಬಿಡುತ್ತದೆ, ಆ ಇನ್ನೊಂದನ್ನು ಇದೇ ಅಳಿಸಿಬಿಡುತ್ತದೆ ಎಂದು ಅನ್ನಿಸಿತು. ಡೋಲು ಬಿರುಸಾಯಿತು, ಹಳೆಯ ಸುಖ ಕಾಲಿನಿಂದ ಮೇಲಕ್ಕೆ ಹತ್ತಿತು. ಹಣೆಯ ಪಟ್ಟಿ ಜಾರಿ ಕಣ್ಣಿಗೆ ಬಿತ್ತು. ಅದನ್ನು ಸರಿಮಾಡಲೆಂದು ಕೈ ಎತ್ತಿದನೋ, ಆ ಕೊನೆಯ ಋತುವಿನ ಅಭ್ಯಾಸಕ್ಕೆ ಕೈ ತಾನೇ ಎದ್ದಿತೋ, ಮುಷ್ಟಿ ಗಾಳಿಯಲ್ಲಿತ್ತು. "ಯಾರಿದು ಬರ್ತಿರೋದು?"

"ವಾಚ್‌ಮನ್! ನಾಯಿ ತಿನ್ನೋ ವಾಚ್‌ಮನ್!"

ಎಲ್ಲರೂ ಅಲ್ಲ. ಎಂಟೋ ಹತ್ತೋ ಗಂಟಲು. ಆದರೆ ಜೋರಾಗಿ, ಪೆಟ್ಟು ತಪ್ಪದೆ. ಅದರಲ್ಲಿ ಆಂಟಿ ಅರಾಬಾಳ ದನಿ ಸ್ಪಷ್ಟವಾಗಿತ್ತು. ಹೇಳಿ ಮುಗಿಸಿದವಳೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಡೋಲು ಇನ್ನೆರಡು ಪೆಟ್ಟು ಒಂಟಿಯಾಗಿ ನಡೆದು ನಿಂತಿತು. ಶಾಮಿಯಾನದ ಆಚೆ ಬಸ್ಸಿಗೆ ಒರಗಿ ನಿಂತಿದ್ದ ಡ್ರೈವರ್ ತಲೆ ತಗ್ಗಿಸಿಕೊಂಡ.

ಮುದುಕ ಅವಸರ ಮಾಡಲಿಲ್ಲ. ಕೋಲು ಹುಡುಕಿ, ಎದ್ದು, ಗಂಟಲು ಸರಿಮಾಡಿಕೊಂಡ. "ವಯಸ್ಸಾಯ್ತು, ಮೊದಲು ಹೇಳಿದ್ದು ನನಗೆ ಸರಿಯಾಗಿ ಕೇಳಿಸ್ಲಿಲ್ಲ ಅಂತ ಕಾಣುತ್ತೆ. ಇನ್ನೊಂದು ಸಲ ಕೇಳ್ತೀನಿ. ಬಂದ ಕಾರಣ ಹೇಳ್ಬೇಕು."

"ಅಪ್ಪಾಜಿ, ಹಿಂದಿನ ಸಾಲಿನ ಒಂದೆರಡು ಬುದ್ಧಿಯಿಲ್ಲದ ಹುಡುಗ್ರು," ಬೊತ್ವೆ ಶುರುಮಾಡಿದ, "ಬೆಳಗ್ಗೆಯಿಂದ ಕುಡಿದು—"

"ಹುಡುಗ್ರಲ್ಲ," ಎಂದ ಕ್ವಮೆನಾ. ಮುಷ್ಟಿ ಇನ್ನೂ ಎತ್ತಿದ್ದಂತೆಯೇ ಇತ್ತು, ಇಳಿಸಿದ. "ಆ ಹಾಡು ಕಟ್ಟಿದ್ದು ನಾನು. ಎರಡನೇ ಸೊಲ್ಲೂ ನಂದೇ. ಕೈ ಎತ್ತಿದ್ದೂ ನಾನೇ."

"ಕೂತ್ಕೊಳ್ಳೋ," ಬೊತ್ವೆ ಹಲ್ಲು ಕಚ್ಚಿ ಪಿಸುಗುಟ್ಟಿದ.

ಅಸಿಬಿ ಮೊದಲ ಬಾರಿಗೆ ಅವನನ್ನು ಗಮನವಿಟ್ಟು ನೋಡಿದಳು. "ಯಾಕೆ?" ಅಂದಳು. ಗದರಲಿಲ್ಲ, ಗೊತ್ತಿಲ್ಲದ್ದನ್ನು ತಿಳಿದುಕೊಳ್ಳುವವರ ಹಾಗೆ ಕೇಳಿದಳು.

ದಾರಿಯುದ್ದಕ್ಕೂ ಅವನು ಕ್ಷಮೆಯ ಮಾತುಗಳನ್ನು ಒಳಗೇ ಜೋಡಿಸಿಕೊಂಡಿದ್ದ. ಯಾಕೆ ಎಂಬುದಕ್ಕೆ ಏನೂ ಜೋಡಿಸಿರಲಿಲ್ಲ. ಬಾಯಿಗೆ ಬಂದದ್ದು, "ಆವತ್ತು ಬೆಳಗ್ಗೆ ಒಂದು ಮೋಟಾರು ಸ್ಟಾರ್ಟ್ ಆಗ್ಲಿಲ್ಲಮ್ಮ." ಯಾರೋ ನಕ್ಕರು. ಅವನು ಮುಂದುವರಿದ, ಬೇರೆ ದಾರಿ ಇರಲಿಲ್ಲ. "ದೋಣಿ ಯಜಮಾನ ಹತ್ತು ಜನರ ಮುಂದೆ ಕಪಾಳಕ್ಕೆ ಹೊಡೆದ. ನಾನೇನೂ ಮಾತಾಡ್ಲಿಲ್ಲ. ಮಧ್ಯಾಹ್ನ ಮ್ಯಾಚಿಗೆ ಬಂದೆ. ಯಾರಾದ್ರೂ ಒಬ್ರು ನನಗಿಂತ ಕೆಳಗಿರ್ಬೇಕಿತ್ತು. ಇವರು ಎದುರಿಗಿದ್ರು."

ನಗು ನಿಂತಿತು. ಅಸಿಬಿ ಬೊತ್ವೆಯನ್ನು ನೋಡಿ ಹೇಳಿದಳು, ಸಣ್ಣ ದನಿ, ಮೈಕು ಬೇಕಾಗಲಿಲ್ಲ. "ಅಲ್ಲಿ ಅವರನ್ನ ಬೈದಾಗ್ಲೆಲ್ಲ ಮನೆಗೆ ಬಂದು, ಇನ್ನೆರಡು ವರ್ಷ ಕಣೇ, ಆಮೇಲೆ ನಮ್ಮ ಜನದ ಮಧ್ಯೆ ಇರ್ತೀವಿ, ಅಂತಿದ್ರು. ಓಡಿ ಬರೋಕೆ ಒಂದು ಜಾಗ ಇತ್ತು. ಸೆಕೊಂಡಿಯಿಂದ ಎಲ್ಲಿಗೆ ಓಡ್ಬೇಕಿತ್ತು, ಹೇಳಿ ಚೇರ್ಮನ್ರೇ?"

ಹಿರಿಯರು ಎದ್ದು ಗೋಡೆಯ ಹಿಂದೆ ಹೋಗಿ ಮಾತಾಡಿಕೊಂಡು ಬಂದರು. ಬಹಳ ಹೊತ್ತು ಹಿಡಿಯಲಿಲ್ಲ. ಮೂರು ವಾರಕ್ಕೆ ಶನಿವಾರ ಮಣ್ಣು, ತಾರ್ಕ್ವಾದಲ್ಲೇ. ದೇಹ ಸೆಕೊಂಡಿಗೆ ಹೋಗುವುದಿಲ್ಲ. ಕ್ಲಬ್ಬಿನ ಬಾವುಟ ಬೇಡ, ಡೋಲು ಬೇಡ, ಅಭಿಮಾನಿಗಳು ಎಂಬ ಹೆಸರಿನಲ್ಲಿ ಯಾರೂ ಬರುವುದು ಬೇಡ. ಮುದುಕ ಪ್ರತಿ ಮಾತಿಗೂ ಕೋಲು ಒಂದು ಸಲ ನೆಲಕ್ಕೆ ತಾಗಿಸಿದ. ಹೊರಡುವಾಗ ಮತ್ತೆ ಎಲ್ಲರ ಕೈ ಹಿಡಿಯಬೇಕು, ಪದ್ಧತಿ. ಅಸಿಬಿಯ ಮುಂದೆ ಬಂದಾಗ ಕ್ವಮೆನಾ ಕೈ ಚಾಚಲೋ ಬೇಡವೋ ಎಂದು ನಿಂತ. ಅವಳೇ ಹಿಡಿದುಕೊಂಡಳು. "ನೀನು ಬೇಕಾದ್ರೆ ಬಾ," ಅಂದಳು. "ಹಾಡ್ಬೇಡ."

ವಾಪಸು ಬರುವ ಬಸ್ಸಿನಲ್ಲಿ, ಊರಿಗೆ ಇನ್ನೂ ಅರ್ಧ ದಾರಿ ಇರುವಾಗ ಬೊತ್ವೆ ಎದ್ದು ಬಂದು ಕ್ವಮೆನಾನ ಪಕ್ಕ ಕೂತ. "ಬಾಯಿ ಮುಚ್ಕೊಂಡಿದ್ದಿದ್ರೆ ನಾನು ಹೇಗೋ ಸಂಭಾಳಿಸ್ತಿದ್ದೆ. ಕುಡುಕ ಹುಡುಗ್ರು ಅಂದ್ರೆ ಒಪ್ಕೊಳ್ತಿದ್ರು. ನಿನ್ನ ಮನಸ್ಸಿನ ಭಾರ ಇಳಿಸ್ಕೊಳ್ಳೋಕೆ ಇಡೀ ಊರಿನ ಋಣ ಹರಿದು ಹಾಕ್ಬಿಟ್ಟೆಯಲ್ಲೋ."

ಅದೂ ನಿಜವಿರಬಹುದು ಎಂದು ಕ್ವಮೆನಾನಿಗೆ ಅನ್ನಿಸಿತು. ಅವನ ಭಾರವೇನೂ ಇಳಿದಿರಲಿಲ್ಲ. ಹಿಂದೆ ಅರಾಬಾ ಮೆಲ್ಲಗೆ, "ನನ್ನ ಬಾಯಿ, ನನ್ನ ದರಿದ್ರ ಬಾಯಿ," ಎನ್ನುತ್ತಲೇ ಇದ್ದಳು. ಎಬೊ ಸಮಾಧಾನ ಹೇಳಿದರೆ, "ನೀ ಸುಮ್ನಿರು, ಬಣ್ಣ ಒಂದೇ ಅಂದ್ಯಲ್ಲ," ಎಂದು ರೇಗಿದಳು.

ಅತಿಂಗಾ ಸೆಕೊಂಡಿಗೆ ಬರಲಿಲ್ಲ. ಕಪ್ ಗೆದ್ದುಕೊಟ್ಟವರನ್ನು ಹೊರುವ ಭಾಗ್ಯ ಊರಿಗೆ ತಪ್ಪಿತು, ಊರು ಅದನ್ನು ಕ್ವಮೆನಾನ ತಲೆಗೇ ಕಟ್ಟಿತು. ಕಟ್ಟೆಯ ಮೇಲೆ ಈಗ ಹಾಡು ಎತ್ತಿಕೊಡುವವನು ಎಬೊ. ಇಪ್ಪತ್ತೆರಡು ವರ್ಷದ ಜಾಗ ಹೋಯಿತು. ಸಿಕ್ಕಿದ್ದು ಇಷ್ಟು: ಮಣ್ಣಿನ ದಿನ ತಾರ್ಕ್ವಾದಲ್ಲಿ, ಕೊನೆಯ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಅವನು ನಾಲ್ಕು ಗಂಟೆ ಬಾಯಿ ಮುಚ್ಚಿಕೊಂಡು ಕೂತಿದ್ದ. ಯಾರೂ ಅವನನ್ನು ಎಬ್ಬಿಸಲಿಲ್ಲ.